ಹಲ್ಲಿನ ಲೆಕ್ಕ

ಅಸ್ಮಾರಾದ ಹಳೇ ಸಂತೆಯ ಹಿಂದೆ, ವಾಲಿದ ತಗಡಿನ ಕೆಳಗೆ
ವೊಲ್ದೆಗಾಬಿರ್ ಹೆಬ್ಬೆರಳ ಉಗುರಿನಿಂದ ಹಲ್ಲೆಣಿಸುತ್ತಾನೆ.
ಗ್ರೀಸು ಕುಡಿದು ಕಪ್ಪಾದ ಉಗುರು. ತಪ್ಪುವುದಿಲ್ಲ:
ಮುಂದೆ ಐವತ್ತೆರಡು, ಹಿಂದೆ ಹದಿಮೂರು.

‘ನಾಲ್ಕಕ್ಕೆ ಒಂದು’ ಅಂದೆ, ಶಾಲೆಯ ದನಿಯಲ್ಲಿ.
‘ಒಂದಕ್ಕೆ ನಾಲ್ಕು’ ಅಂದ, ತಲೆಯೆತ್ತದೆ.

ಸೈಕಲನ್ನು ಕೊಕ್ಕೆಗೆ ನೇತುಹಾಕಿ
ಪೆಡಲು ಒಂದೇ ಒಂದು ಸುತ್ತು ತಿರುಗಿಸಿದ.
ಹಿಂಗಾಲಿ ನಾಲ್ಕು ಸಲ ತನ್ನ ವಾಲ್ವಿನ ಮೂಗು ತೋರಿಸಿ ನಿಂತಿತು.
‘ನೀನು ಎಣಿಸಿದ್ದು ಹಲ್ಲು, ನಾನು ಎಣಿಸಿದ್ದು ಸುತ್ತು.
ಹಲ್ಲು ಜಾಸ್ತಿ ಇರುವವನು ಕಡಿಮೆ ಸುತ್ತುತ್ತಾನೆ, ಲೆತೆಬ್ರಹಾನ್.
ಇನ್ನು ಗಾಲಿಯನ್ನೇ ಕೇಳು, ಅದರ ದೂರು ಬೇರೆ:
ನಾನು ಪೂರಾ ಒಂದು ಸುತ್ತು ಬಂದೆ,
ಆ ಹುಡುಗಿಯ ಕಾಲು ತಿರುಗಿದ್ದು ಬರೀ ಕಾಲು!’

ತುಕ್ಕಿನ ಡಬ್ಬಿ ಕೆದಕಿದೆ.
ನಲವತ್ತನಾಲ್ಕಕ್ಕೆ ಹನ್ನೊಂದು,
ನಲವತ್ತೆಂಟಕ್ಕೆ ಹನ್ನೆರಡು.
ಇವೂ ಅದೇ ಅಲ್ಲವೇ? ಯಾವುದು ಹಾಕಿದರೇನು?
ಹನ್ನೊಂದರದನ್ನು ಬೆಳಕಿಗೆ ಹಿಡಿದ.
ಒಂದೊಂದು ಹಲ್ಲೂ ಮುದಿನಾಯಿಯ ಕೋರೆಯಂತೆ ಸವೆದು ಬಾಗಿತ್ತು.
‘ಕಾಗದದ ಮೇಲೆ ಅದೇ.
ಇಲ್ಲಿ ಹೊರೆ ಅಷ್ಟೇ, ಹೊರುವವರು ಕಮ್ಮಿ.’

ಅವನ ಹೆಂಡತಿ ಮೆಹ್ರೆತ್ ಕಾಫಿ ತಂದಳು, ಮೂರನೆಯ ಸರದಿಯದು.
ಅದೇ ಪುಡಿ, ಮತ್ತೆ ನೀರು; ಬಟ್ಟಲ ತಳ ಕಾಣುವಷ್ಟು ತಿಳಿ.
ಜೊತೆಗೆ ಹುರಿಗಡಲೆ.
ಅವನು ತನ್ನ ಪಾಲನ್ನು ನನ್ನ ಜೇಬಿಗೆ ಸುರಿದ.
ಮೇಲೆ ಆರು, ಕೆಳಗೆ ಮೂರು ಉಳಿದ ಬಾಯಿ ನಕ್ಕಿತು:
‘ಹಲ್ಲಿದ್ದಾಗ ಕಡಲೆ ಇರಲಿಲ್ಲ, ಯುದ್ಧವಿತ್ತು.
ಈಗ ಕಡಲೆ ಇದೆ.’
ಎರಡಕ್ಕೆ ಒಂದು, ಅಂದುಕೊಂಡೆ. ಹೇಳಲಿಲ್ಲ.

ಭಾನುವಾರ ನೆಫಾಸಿತ್‌ಗೆ ಇಳಿದೆ, ನಲವತ್ತು ನಿಮಿಷ.
ಗಾಳಿ ಕಿವಿಯೊಳಗೆ ಹೊಕ್ಕು ಬೇರೇನೂ ಕೇಳಲಿಲ್ಲ.
ಹತ್ತಿದ್ದು ಎರಡು ಗಂಟೆ.
ಅದೇ ರಸ್ತೆ, ಅವೇ ತಿರುವು,
ಯಾರೋ ತಲೆಕೆಳಗಾಗಿ ಬರೆದಿಟ್ಟ ಹಾಗೆ.
ಈಗ ಮುಂದೆ ಮೂವತ್ತೊಂಬತ್ತು, ಹಿಂದೆ ಇಪ್ಪತ್ತಾರು:
ಎರಡು ಸಲ ತುಳಿದರೆ ಮೂರು ಸುತ್ತು, ಅಷ್ಟೇ.
ಕತ್ತೆ ಹೊಡೆದುಕೊಂಡು ಹೋಗುತ್ತಿದ್ದ ಮುದುಕಿಯೊಬ್ಬಳು
ನನ್ನ ಜೊತೆಜೊತೆಗೇ ಬಹಳ ಹೊತ್ತು ನಡೆದಳು,
ಮಾತೂ ಆಡಿದಳು; ಉತ್ತರಿಸಲು ನನಗೆ ಉಸಿರಿರಲಿಲ್ಲ.

ಕೊನೆಯ ತಿರುವಿನಲ್ಲಿ ಮೋಡ ರಸ್ತೆಗಿಂತ ಕೆಳಗಿತ್ತು.
ಒಂದು ಕಾಲು ನೆಲಕ್ಕೂರಿ ನಿಂತು
ಅವನ ಪಾಲಿನ ಕಡಲೆಯನ್ನು
ಕಟಕಟ ಅಗಿದೆ,
ಅಷ್ಟೂ ಹಲ್ಲಿನಿಂದ.