ಸಾಖರಪೇಟೆಯ ಸ್ವಿಚ್ಚು

ಭಂಗಾರದವನ ಹತ್ತಿರ ತೂಕದ ಲೆಕ್ಕದಾಗ ತಂದದ್ದು,
ಬಾಗಿಲು ಮುಚ್ಚಿದ ಯಾವುದೋ ಬ್ಯಾಂಕಿನ ಸ್ವಿಚ್ಚು.
ಇಪ್ಪತ್ತನಾಲ್ಕು ಬಾಯಿ, ಬೆನ್ನಿಗೆ ಮೂರು ಫ್ಯಾನು,
ಒಂದೊಂದೂ ಕಡ್ಡಿಪೆಟ್ಟಿಗಿಯಷ್ಟ.
ಎಂಟುನೂರು ರೂಪಾಯಿ. ಮುರುಕು ರೌಟರು ಮ್ಯಾಲ ಬಿಟ್ಟಿ.

ಪಿನ್ನು ಚುಚ್ಚಿದ ಕೂಡಲೇ
ಒಂದೂವರಿ ಖೋಲಿ ತುಂಬ ಚೀರಿಕೊಂಡು ಎದ್ದಿತು.
ಹಾಲು ಕುಡಿಯೋ ಕೂಸು ಮೊಲಿ ಬಿಟ್ಟು ಅತ್ತಿತು.
ಕೂಸು ನನ್ನದಲ್ಲ, ಗ್ವಾಡಿ ಆಚಿ ತಸ್ಲೀಮಂದು.
ಗ್ವಾಡಿ ಅಂದರ ಒಂದು ಇಟ್ಟಂಗಿ.
"ಭೌರಮ್ಮಾ, ಮನಿಯಾಗ ವಿಮಾನ ಇಳಿಸಿಯೇನ?" ಅಂದಳು.
ಸಿಟ್ಟಿರಲಿಲ್ಲ ಆಕಿಗೆ. ನಿದ್ದಿ ಇರಲಿಲ್ಲ, ಅಷ್ಟ.

ಹಗಲೆಲ್ಲ ಟಾವೆಲ್ ಎಣಿಸಿ ಗಂಟು ಕಟ್ಟತೀನಿ.
ಓದು ರಾತ್ರಿ ಹತ್ತರಿಂದ ಒಂದರ ತನಕ.
ಪರೀಕ್ಷಾ ಮಾರ್ಚಿಗೆ; ಫೀಸು ಮೂರು ತಿಂಗಳ ಪಗಾರ.
ಯಾವ ಪೆಟ್ಟಿಗಿ ಯಾವ ಪೆಟ್ಟಿಗಿಗೆ ಏನು ಹೇಳತದ,
ಹೇಳಿದ್ದು ಮುಟ್ಟಿತೋ ಇಲ್ಲೋ,
ತಲಿ ತಣ್ಣಗಿಟ್ಟು ಕಲೀಬೇಕಾದ ವಿದ್ಯಾ ಇದು.

ಮೊದಲು ಹರಿದ ಹವಾಯಿ ಚಪ್ಪಲಿ ಕತ್ತರಿಸಿ
ನಾಲ್ಕು ಮೂಲಿಗೆ ರಬ್ಬರು ಕೊಟ್ಟೆ.
ಟೇಬಲ್ಲಿನ ನಡುಕ ನಿಂತಿತು, ಚೀರಾಟ ನಿಲ್ಲಲಿಲ್ಲ.
ಆಮ್ಯಾಲ ನಮ್ಮ ಊರಿನ ಚಾದರ ಹೊಚ್ಚಿದೆ, ಎರಡು ಮಡಿಕಿ.
ಅರ್ಧ ತಾಸಿನೊಳಗ ಕಾದ ನೂಲಿನ ವಾಸನಿ.
ಬಾಯಿ ಮುಚ್ಚಬೇಕಂತ ಮೂಗು ಮುಚ್ಚಿದ್ದೆ.

ನವಿಪೇಟಿಗೆ ಹೋಗಿ ಮೆತ್ತಗ ತಿರಗೋ ಫ್ಯಾನು ತಂದು
ಸ್ಕ್ರೂ ಬಿಚ್ಚಿ, ವೈರು ಕೂಡಿಸಿ, ಉಸಿರು ಹಿಡಿದು ಹಚ್ಚಿದೆ.
ಸಪ್ಪಳ ಇಲ್ಲ!
ಆದರ ಹಸಿರು ದೀಪ ಹಳದಿ ಆತು.
ಫ್ಯಾನು ಸತ್ತದ ಅಂತ ಸ್ವಿಚ್ಚಿನ ಹಟ.
ಮೆತ್ತಗ ಇರೋದು ಬ್ಯಾರೆ, ಸತ್ತಿರೋದು ಬ್ಯಾರೆ
ಅಂತ ಅದಕ್ಕ ಯಾರೂ ಕಲಿಸಿಲ್ಲ.
ಹತ್ತು ಮಿನಿಟಿಗೆ ತಾನೇ ಕಣ್ಣು ಮುಚ್ಚಿತು.
ಮುನ್ನೂರ ಅರವತ್ತು ರೂಪಾಯಿ ನೀರಾಗ.
ಹಳೇ ಚೀರು ಫ್ಯಾನೇ ಮತ್ತ ಹಾಕಿದೆ.

ಇಷ್ಟು ದಿನ ರೇವಪ್ಪ ಕಾಕಾ ಏನೂ ಅಂದಿರಲಿಲ್ಲ.
ಮೂವತ್ತೆಂಟು ವರ್ಷ ಲೂಮಿನ ಮುಂದ ನಿಂತಾವ,
ತಡಕೊಳ್ಳೋ ಗುಣ ಅಂದುಕೊಂಡಿದ್ದೆ.
ಕೇಳಿದರ, ಅಂವಗ ಅದು ಕೇಳಿಸಿಯೇ ಇಲ್ಲ.
ನನ್ನ ಮಾತು ಕೇಳತದ, ಬಾಗಿಲ ಬಡಿತ ಕೇಳತದ,
ಗುಬ್ಬಿ ಇಲ್ಲ, ಕುಕ್ಕರಿನ ಸೀಟಿ ಇಲ್ಲ, ಫೋನಿನ ಟಿಣ್ ಇಲ್ಲ.
ಆ ಎತ್ತರದ ದನಿ ಎಲ್ಲ
ದಿನಕ್ಕಿಷ್ಟು ದಿನಕ್ಕಿಷ್ಟು ಲೂಮಿಗೆ ಕೊಟ್ಟು ಬಂದಾನ.
"ನನ್ನ ಖಾಟಿನ ಬುಡಕ ಇಡು, ನನಗೇನು ತ್ರಾಸು?" ಅಂದ.
ಒಲ್ಲೆ ಅಂದೆ. ಉಳಿದಷ್ಟಾದರೂ ಉಳೀಲಿ ಅನ್ನಲಾಗದ
ಪ್ಲಗ್ಗು ದೂರ ಅದ ಅಂತ ನೆಪ ಹೇಳಿದೆ.

ಆಗ ಎದ್ದು ಬಂದ. ತೋರಬೆರಳು ಪೆಟ್ಟಿಗಿ ಮ್ಯಾಲ ಇಟ್ಟ.
ಬೆರಳು ಎಡಕ ಹೋತು, ಬಲಕ ಬಂತು, ನಿಂತಿತು.
"ನಡುವಿಂದು. ಬೇರಿಂಗ್ ಒಣಗ್ಯಾದ.
ಉಳಿದೆರಡು ಅದರ ಸಂಗಾಟ ಕುಣೀಲಿಕ್ಕ ಹತ್ಯಾವ."
ಬಿಚ್ಚಿ, ನಡುವಿನ ಕಾಗದ ಉಗುರಿಲೆ ಎಬ್ಬಿಸಿ
ಒಂದು ಹನಿ ಮಷೀನೆಣ್ಣಿ. ಎರಡನೇದು ಹಾಕಗೊಡಲಿಲ್ಲ.
ಚೀರಾಟ ಇಳಿದು ಗುನುಗಾತು.

ತಸ್ಲೀಮನ ಗ್ವಾಡಿ ಬಿಡಿಸಿ, ಆಚಿ ಕಡಿ
ಕಾಕಾನ ಗ್ವಾಡಿಗೆ ಹಲಿಗಿ ಹೊಡದು ಏರಿಸೀನಿ.
ಕೂಸು ಮಲಗತದ. ಪಾಠ ನಡೀತದ.
ಇಪ್ಪತ್ತನಾಲ್ಕರಾಗ ಏಳು ಬಾಯಿ ಸತ್ತಾವ, ಹದಿನೇಳು ನನಗ ಹೆಚ್ಚು.

ನಿನ್ನೆ ಒಂದು ಹೊಡೀತು, ಪಿನ್ನು ಕಿತ್ತಿದೆ.
ಒಳಗಿನಿಂದ ಕಾಕಾನ ದನಿ, ಎಚ್ಚರದ್ದಲ್ಲ, ನಿದ್ದಿದೂ ಅಲ್ಲ:
"ಯಾಕ ನಿಂತಿತು? ದಾರ ಹರೀತೇನ?"
ಬಾಗಿಲು ಸರಿಸಿ ನೋಡಿದೆ.
ಅಂಗೈ ಗ್ವಾಡಿಗೆ ಹಚ್ಚಿ ಮಲಗಿದ್ದ.