ಮೇಲ್ಗೆರೆ

ಜಬಲ್ಪುರದ ಗಲ್ಲಿಯೊಳಗೆ ಒಂಟಿ ಕಿಟಕಿಯ ಅಚ್ಚುಕೂಟ.
ನಾನಲ್ಲಿ ಮೊಳೆ ಜೋಡಿಸುವವನು.
ಮೂವತ್ತೊಂದು ವರ್ಷ
ಸೀಸದ ಅಕ್ಷರಗಳನ್ನು ತಲೆಕೆಳಗಾಗಿಯೇ ಓದಿದ್ದೇನೆ;
ನೇರ ಹಿಡಿದ ಪುಸ್ತಕ ಕಂಡರೆ
ಈಗಲೂ ಕೊಂಚ ಗಾಬರಿ.

ಪ್ರಾಣಜೀವನ್ ಠಕ್ಕರ್ ಬರುತ್ತಿದ್ದದ್ದು
ಕಾರ್ತಿಕದ ಕೊನೆಯ ಸೋಮವಾರ,
ಹಿಮ್ಮಡಿ ಬಿರಿದು, ಮೂಗಿನ ಸಿಪ್ಪೆ ಸುಲಿದು.
ಬೀಡಿ ಕಾರ್ಖಾನೆಯ ಲೆಕ್ಕಿಗ.
ಕಂಕುಳಲ್ಲಿ ನದಿ,
ಅಂದರೆ ಸೆಣಬಿನ ದಾರ ಸುತ್ತಿದ ಒಂದು ಕಂತೆ ಹಾಳೆ.
"ಈ ಸಲ ಎಲ್ಲಿಯವರೆಗೆ?"
"ಹದಿನೇಳು ದಿನ," ಅನ್ನುವರು.
ಊರಿನ ಹೆಸರಲ್ಲ, ಮೈಲಿಯೂ ಅಲ್ಲ.

ಬರೆದದ್ದು ಹಿಂದಿ. ಕೂಡಿ ಕಳೆದದ್ದು ಗುಜರಾತಿ.
ಅಂಚಿನಲ್ಲಿ ಅಪ್ಪನ ಅಂಗಡಿಯ ಅಂಕಿ:
ಬೆಲ್ಲಕ್ಕಿಷ್ಟು, ದಾರಿ ತೋರಿದ ಹುಡುಗನಿಗಿಷ್ಟು,
ಮರೆತು ಬಂದ ಕೊಡೆಗಿಷ್ಟು.
ಹಿಂದಿಯ ಅಕ್ಷರ ಮೇಲ್ಗೆರೆಗೆ ಜೋತುಬಿದ್ದಿರುತ್ತದೆ,
ದಂಡೆಯ ಹಗ್ಗದಲ್ಲಿ ಒಣಗುವ ಸೀರೆಯ ಹಾಗೆ.
ಗುಜರಾತಿಗೆ ಹಗ್ಗವಿಲ್ಲ;
ಕಾಲೂರಿ ತಾನೇ ನಿಂತುಕೊಳ್ಳುತ್ತದೆ.
ಯಾವ ಹೊತ್ತಿಗೆ ದಣಿದರೆಂದು ನಾನು ಹೇಳಬಲ್ಲೆ:
ಮೊದಲು 'ನ' ಗೆರೆ ಕಳಚಿಡುತ್ತದೆ, ಆಮೇಲೆ 'ಮ',
ದೀಪ ಹಚ್ಚುವಷ್ಟರಲ್ಲಿ ಇಡೀ ಸಾಲು ಬರಿತಲೆ.
ನರ್ಮದಾ ಎಂದು ಬರೆಯಲು
ಎರಡು ಲಿಪಿಗಳ ನಡುವೆ ಒಂದೇ ಗೆರೆಯ ದೂರ.
ನಾನು ಗೆರೆ ಸೇರಿಸಿ ಜೋಡಿಸುತ್ತಿದ್ದೆ. ಅದಕ್ಕೇ ನನಗೆ ಕೂಲಿ.

ಚಿತ್ರಗಳದ್ದು ಬೇರೆ ತಕರಾರು.
ಬೀಡಿ ಲೇಬಲ್ಲಿನ ಬೆನ್ನ ಮೇಲೆ
ನದಿಯ ನೀರಲ್ಲೇ ಬಣ್ಣ ಕಲಸಿ ಬರೆದವು.
ಬ್ಲಾಕು ಮಾಡುವ ಇಕ್ರಾಮ್ ರೇಗುತ್ತಿದ್ದ:
"ಮರಳು! ನನ್ನ ಗಾಜೆಲ್ಲ ಗೀರು!"
ಠಕ್ಕರ್ ಒಣ ಕುಂಚದಿಂದ ಒಂದೊಂದೇ ಕಣ ಗುಡಿಸಿ
ಪೊಟ್ಟಣ ಕಟ್ಟಿ ಜೇಬಿಗಿಡುವರು,
ಮರುವರ್ಷ ಹೋದಾಗ ಹಿಂದಿರುಗಿಸಲು.
ಲೆಕ್ಕಿಗರಲ್ಲವೇ.

ಝವೇರ್‌ಬೆನ್ ಒಂದೇ ಸಲ ಜೊತೆಗೆ ನಡೆದರಂತೆ.
ಮೂರನೆಯ ಸಂಜೆ ಅಂದರಂತೆ:
"ನೀವು ನದಿ ನೋಡುತ್ತೀರಿ.
ಒಲೆಗೆ ಮೂರು ಕಲ್ಲು ಹುಡುಕುವವಳಿಗೆ ಕಾಣುವುದು ದಂಡೆ."
ಮುಂದಿನ ಪುಸ್ತಕದಲ್ಲಿ
ನೀರು ಕಡಿಮೆ, ಒಲೆಗಳು ಹೆಚ್ಚು.

ಅಣೆಕಟ್ಟು ತುಂಬಿದ ವರ್ಷ
ಗನೇಸೀ ಬರ್ಮನ್ ಅನ್ನುವ ಹುಡುಗ ಬಂದು
ನೂರ ನಾಲ್ಕನೆಯ ಪುಟ ಕೇಳಿದ.
ಸೇಮರ್ಖೋ ಘಾಟ್. ಏಳು ಮೆಟ್ಟಿಲು. ಬಲೆ ಹೊಲಿಯುವ ಮುದುಕಿ.
"ನಮ್ಮಜ್ಜಿ, ಫಗುನಿಯಾ. ಹಿಂದಿರುವುದು ನಮ್ಮ ಮನೆ.
ಮನೆಯಿತ್ತು ಅನ್ನಲು ಕಚೇರಿಯವರು ಸಾಕ್ಷಿ ಕೇಳುತ್ತಾರೆ."
ಕಚೇರಿ ಅಂದಿತು: ಇದು ಚಿತ್ರ, ದಾಖಲೆಯಲ್ಲ.
ಮನೆಯಾದರೆ ಬಾಗಿಲೆಲ್ಲಿ?

ಠಕ್ಕರ್ ಬಹಳ ಹೊತ್ತು ನೋಡಿದರು.
ಬಾಗಿಲು ಬರೆದಿರಲಿಲ್ಲ.
ಮುದುಕಿಯ ಮೇಲೆ ಬಿಸಿಲು ಎದ್ದು ಕಾಣಲೆಂದು
ಗೋಡೆಯನ್ನು ಒಂದೇ ಬೀಸಿನಲ್ಲಿ ಮುಗಿಸಿದ್ದರು.

ಆಮೇಲೂ ನಡೆದರು. ಬಲಕ್ಕೆ ನದಿಯಿರಲಿಲ್ಲ.
ಮುಳುಗಿದ ಊರುಗಳು ತಗಡು ಹೊದ್ದು ಕೂತಿದ್ದ
ಗುಡ್ಡಗಳಿಗೆ ಹತ್ತಿ, ಅವರು ಹೇಳಿದಂತೆ ಬರೆದರು:
ಬಾಗಿಲು ಇತ್ತ, ಹಿಪ್ಪೆಮರ ಅತ್ತ,
ಅಯ್ಯೋ, ಅಷ್ಟಲ್ಲ, ಇನ್ನೂ ಎಡಕ್ಕೆ,
ಎಮ್ಮೆ ಎರಡು.
"ಒಂದೇ ಇದ್ದದ್ದು," ಅಂದಳು ಸೊಸೆ.
"ಎರಡು ಬರಿ," ಅಂದಳು ಫಗುನಿಯಾ.
ಎರಡು ಬರೆದರು.
ನನಗೆ ತಿಳಿದಂತೆ ಅವರ ಖಾತೆಯಲ್ಲಿ ತಪ್ಪಿದ ಲೆಕ್ಕ ಅದೊಂದೇ.

ಕೊನೆಯ ಕಂತೆ ತಂದವರು ಝವೇರ್‌ಬೆನ್, ಚೈತ್ರದಲ್ಲಿ,
ಬರಿಗೈಯಲ್ಲಿ.
ಮೊದಲ ಪುಟದಿಂದಲೇ ಗೆರೆಯಿಲ್ಲ.
ಹಿಂದಿಯೋ, ಗುಜರಾತಿಯೋ?
ಬೆಳಕಿಗೆ ಹಿಡಿದೆ. ತಲೆಕೆಳಗು ಮಾಡಿಯೂ ನೋಡಿದೆ.
ಒಂದು ಪೊಟ್ಟಣ ಜಾರಿ ಬಿತ್ತು:
ಚಿಟಿಕೆ ಮರಳು, ಮೇಲೆ ಗುಜರಾತಿ ಅಂಕಿಯಲ್ಲಿ ವರ್ಷ,
ಪಕ್ಕಕ್ಕೆ 'ಬಾಕಿ'.

ಬೀಗ ಹಾಕಿ ಗ್ವಾರೀಘಾಟಿಗೆ ಹೋದೆ.
ಮೊಣಕಾಲವರೆಗೆ ಇಳಿದು ಬಿಚ್ಚಿದೆ.
ನದಿ ರಸೀದಿ ಕೊಡಲಿಲ್ಲ.

ಆ ಪುಟಗಳು ಇನ್ನೂ ನನ್ನ ಮೇಜಿನ ಮೇಲಿವೆ.
ಯಾವಾಗ ಜೋಡಿಸುತ್ತೀ, ಅನ್ನುತ್ತಾನೆ ಇಕ್ರಾಮ್.
ಹದಿನೇಳು ದಿನ, ಅನ್ನುತ್ತೇನೆ.