ಹತ್ತೊಂಬತ್ತು ಸಾವಿರ

ಮೂವತ್ತೊಂದು ವರ್ಷ ಲೇನಾ ನದಿಯನ್ನು ಅಳೆದವಳು ನಾನು.
ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ
ಹಾರೆಯಿಂದ ಮಂಜುಗಡ್ಡೆ ಒಡೆದು, ಕೋಲು ಇಳಿಸಿ,
ಗೀಟು ನೋಡಿ ವಹಿಯಲ್ಲಿ ಬರೆದವಳು.
ಈಗ ಯಾಕುತ್ಸ್ಕಿನ ಆಸ್ಪತ್ರೆಯಲ್ಲಿ ನನ್ನನ್ನೇ ಅಳೆಯುತ್ತಾರೆ,
ಬೆಳಿಗ್ಗೆ ಆರಕ್ಕೆ, ಎಡಗೈಯಿಂದ.
ಬಲಗೈಗೆ ಇನ್ನೂ ನಿದ್ದೆ.

ಮೊದಲು ಬಂದದ್ದು ಕಲೆಗಳು.
ಹಾಲಿನ ಬಕೆಟ್ಟಿನ ಹಿಡಿ ತಾಗಿದರೂ ಸಾಕು,
ತೋಳಿನ ಮೇಲೆ ಕಾಡುಹಣ್ಣು ಹಿಸುಕಿದಂಥ ನೀಲಿ.
ಗವ್ರಿಲ್ ಬದುಕಿದ್ದರೆ ಊರವರಿಗೆ ಅವನ ಮೇಲೇ ಗುಮಾನಿ.
ಪಾಪ, ಸೊಳ್ಳೆಗೂ ಕೈ ಎತ್ತದವನು.

ಪ್ಲೇಟ್‌ಲೆಟ್ ಹತ್ತೊಂಬತ್ತು ಸಾವಿರ ಎಂದರು,
ಇರಬೇಕಾದದ್ದು ಒಂದೂವರೆ ಲಕ್ಷ.
ಚಾಕು ಮುಟ್ಟಬೇಡಿ, ಜಾರಿ ಬೀಳಬೇಡಿ.
(ಎಂಟು ತಿಂಗಳು ಹಿಮ ಬೀಳುವ ಊರಿನಲ್ಲಿ!)
ಮೀನು ಕೊಯ್ಯುವುದನ್ನು ಸೊಸೆಗೆ ಬಿಟ್ಟೆ.
ಹರಿದುಹೋದೀತೆಂದು ಕಾವಲು ಕೂತವಳಿಗೆ
ಕಟ್ಟಿಕೊಂಡಿತು.

ಮಂಗಳವಾರ. ಚಹಾ.
ಲೋಟ ತಾನಾಗಿ ಕೈಯಿಂದ ಇಳಿದುಹೋಯಿತು.
ಸೊಸೆಯನ್ನು ಕರೆಯಹೊರಟರೆ ಬಾಯಿಗೆ ಬಂದದ್ದು 'ಹಾರೆ'.
ಮತ್ತೆ ಕರೆದೆ. ಹಾರೆ.
ಅವಳ ಹೆಸರು ಇಲ್ಲೇ ಎಲ್ಲೋ ಇತ್ತು,
ಕಾವಳದಾಚೆಯ ದಡದ ಹಾಗೆ.

ಇದ್ದದ್ದೇ ಇಷ್ಟು, ಇಷ್ಟರಲ್ಲೂ ಹೆಪ್ಪುಗಟ್ಟುವುದೆಂದರೇನು ಎಂದು
ಮಗ ಡಾಕ್ಟರರ ಮೇಲೆ ರೇಗಿದ.
ನಾನು ಸುಮ್ಮನಿದ್ದೆ.
ಒಂದು ವರ್ಷ ನದಿಯ ಗಡ್ಡೆ ತೆಳ್ಳಗಿತ್ತು.
ಈ ಸಲ ನೆರೆಯಿಲ್ಲ ಎಂದು ಹಿಗ್ಗಿದರು ಎಲ್ಲರೂ,
ವಹಿಯಲ್ಲಿ ನಾನೂ ಹಾಗೇ ಬರೆದೆ.
ದ್ವೀಪದ ತಿರುವಿನಲ್ಲಿ ನಾಲ್ಕು ಚಪ್ಪಡಿ
ಒಂದಕ್ಕೊಂದು ಒರಗಿ ನಿಂತವು, ಅಷ್ಟೇ.
ಬೆಳಗಾಗುವಾಗ ಅಂಚೆ ಕಚೇರಿಯ ಕಿಟಕಿಯಲ್ಲಿ ನದಿ.
ನನ್ನ ಕೋಲು ದಪ್ಪ ಅಳೆದಿತ್ತು.
ತಿರುವು ಅಳೆಯುವ ಕೋಲು ಇಲಾಖೆ ಕೊಟ್ಟಿರಲಿಲ್ಲ.

ತುಯಾರಾ ಸೆಮ್ಯೋನೊವ್ನಾ, ನನ್ನ ಮೊಮ್ಮಗಳ ವಯಸ್ಸಿನ ಡಾಕ್ಟರು,
ಔಷಧಿ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದಳು.
ನನ್ನದೇ ಮೈಯ ಕಾವಲುಗಾರರು ಬಿಲ್ಲೆಗಳನ್ನು ಕೆಣಕುತ್ತಾರಂತೆ,
ಕೆಣಕಿದರೆ ಅಂಟಿಕೊಳ್ಳುತ್ತವೆ,
ಅಂಟಿಕೊಂಡವು ಖರ್ಚಾಗುತ್ತವೆ.
ರಕ್ತ ತೆಳುಮಾಡಿದರೆ ತಲೆಯೊಳಗೆ ಸೋರೀತು,
ಬಿಟ್ಟರೆ ಇನ್ನೊಂದು ಕಟ್ಟೀತು.
ಅತ್ತ ದರಿ, ಇತ್ತ ಕರಡಿ.
ಐವತ್ತು ಸಾವಿರ ಮುಟ್ಟಲಿ ಅಜ್ಜಿ, ಆಮೇಲೆ ಸೂಜಿ.

ಇಪ್ಪತ್ತಾರು. ಮೂವತ್ತೊಂದು. ಇಪ್ಪತ್ತೆಂಟು.
ಎಡಗೈಯಲ್ಲಿ ಬರೆದುಕೊಳ್ಳುತ್ತೇನೆ, ಸೊಟ್ಟ ಅಂಕಿಗಳು.
ಏಪ್ರಿಲ್‌ನಲ್ಲಿ ಗಡ್ಡೆಯ ಮೇಲೆ ಕಲ್ಲಿದ್ದಲ ಪುಡಿ ಎರಚಿ
ಬಿಸಿಲಿಗೆ ಕಾಯುತ್ತಿದ್ದೆವು ಹೀಗೆಯೇ.
ಆತುರಪಟ್ಟು ಹೆಚ್ಚು ಎರಚಿದ ವರ್ಷ
ದಾಟುತ್ತಿದ್ದ ಕುದುರೆ ಮುಳುಗಿತ್ತು.

ಮೂವತ್ತೊಂಬತ್ತು, ಇವತ್ತು.
ಬಾಗಿಲಲ್ಲಿ ಯಾರೋ ಬೂಟಿನ ಹಿಮ ಕೊಡವಿದ ಸದ್ದು.
ಹಾರೆ, ಎಂದೆ.
ಓ, ಎಂದಳು ಸೊಸೆ,
ಕೋಟಿನ ಗುಂಡಿ ಬಿಚ್ಚುತ್ತ.